ಗಿಲ್ಬರ್ಟ್ ಸ್ಲೇಟರ್ ಮತ್ತು ಮದರಾಸಿನ ಹಳ್ಳಿಗಳು

1916ನೆಯ ಇಸವಿ ಕನ್ನಡಿಗರಿಗೆ ಮೈಸೂರು ವಿಶ್ವವಿದ್ಯಾನಿಲಯದ ಸ್ಥಾಪನೆಯ ವರ್ಷವಾಗಿ ನೆನಪಿನಲ್ಲಿದೆ. ಆ ವರ್ಷದ ಜುಲೈವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜು ಎರಡೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಅಲ್ಲಿಯ ವಿದ್ಯಾರ್ಥಿಗಳು ಪರೀಕ್ಷೆ ಬರೆದದ್ದೂ ಪದವಿ ಪಡೆದದ್ದೂ ಮದರಾಸಿನ ಹೆಸರಿನಲ್ಲಿಯೇ. ದಕ್ಷಿಣ ಕನ್ನಡದವರಿಗಂತೂ ಈ ಸಂಬಂಧ ಮುಂದೆಯೂ ದಶಕಗಳ ಕಾಲ ಉಳಿಯಿತು. ಮೈಸೂರು ತನ್ನದೇ ವಿಶ್ವವಿದ್ಯಾನಿಲಯವನ್ನು ಕಟ್ಟಿಕೊಂಡ ಅದೇ ವರ್ಷ ಮದರಾಸಿನಲ್ಲಿ ಇನ್ನೊಂದು ಕೆಲಸ ಆರಂಭವಾಯಿತು. ಅದಕ್ಕೆ ಶಾಸನವಿರಲಿಲ್ಲ, ಸಮಾರಂಭವಿರಲಿಲ್ಲ. ಅರ್ಥಶಾಸ್ತ್ರದ ಕೆಲವು ವಿದ್ಯಾರ್ಥಿಗಳು ಒಂದು ಪ್ರಶ್ನಾವಳಿಯನ್ನು ಹಿಡಿದುಕೊಂಡು ರಜೆಯಲ್ಲಿ ಹಳ್ಳಿಗಳಿಗೆ ಹೋದರು. ಅವರನ್ನು ಕಳುಹಿಸಿದವರು ಭಾರತೀಯ ಅರ್ಥಶಾಸ್ತ್ರದ ಪೀಠಕ್ಕೆ ಆಗಷ್ಟೇ ಬಂದಿದ್ದ ಮೊದಲ ಪ್ರಾಧ್ಯಾಪಕರು, ಗಿಲ್ಬರ್ಟ್ ಸ್ಲೇಟರ್.

ಸ್ಲೇಟರ್ ಅವರ ಹೆಸರು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾಗಿದ್ದರೆ ಅದು ದ್ರಾವಿಡ ಸಂಸ್ಕೃತಿಯನ್ನು ಕುರಿತ ಅವರ ಪುಸ್ತಕದಿಂದ. ಸಮಾಜವಿಜ್ಞಾನಿಗಳಿಗೆ ಅವರು ಬೇರೆಯೇ ಕಾರಣಕ್ಕೆ ಪರಿಚಿತರು. ಸ್ಲೇಟರ್ ಹಳ್ಳಿಗಳು ಎಂಬ ಮಾತು ಆ ಶಾಸ್ತ್ರದಲ್ಲಿ ಪಾರಿಭಾಷಿಕ ಪದದಂತೆಯೇ ನಿಂತಿದೆ. ಈ ಎರಡು ಕೀರ್ತಿಗಳ ಪೈಕಿ ಮೊದಲನೆಯದು ಮಸುಕಾಗಿದೆ, ಎರಡನೆಯದು ಬೆಳೆಯುತ್ತಲೇ ಇದೆ. ಹೀಗೇಕಾಯಿತೆಂಬುದು ಅವರ ಜೀವನವನ್ನು ನೋಡಿದರೆ ತಿಳಿಯುತ್ತದೆ.

ಅವರು ಹುಟ್ಟಿದ್ದು 1864ರಲ್ಲಿ, ಇಂಗ್ಲೆಂಡಿನ ರೇವುಪಟ್ಟಣವಾದ ಪ್ಲಿಮತ್‌ನಲ್ಲಿ. ಓದಿದ್ದು ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. ಆದರೆ ಕೇಂಬ್ರಿಡ್ಜಿನಲ್ಲಿ ಓದಿದ ಬಹುಮಂದಿಯಂತೆ ನೇರವಾಗಿ ವಿದ್ವತ್ತಿನ ದಾರಿಯನ್ನು ಹಿಡಿದವರಲ್ಲ. ಲಂಡನ್ನಿಗೆ ಬಂದ ಮೇಲೆ ಶಸ್ತ್ರಾಗಾರದ ಕಾರ್ಮಿಕರ ಊರಾದ ವುಲಿಚ್‌ನ ಸ್ಥಳೀಯ ರಾಜಕಾರಣಕ್ಕೆ ಇಳಿದು, 1905-06ರಲ್ಲಿ ಅಲ್ಲಿಯ ಮೇಯರ್ ಆಗಿದ್ದರು. ಮಧ್ಯೆಯೇ ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಸಂಶೋಧನೆಯನ್ನೂ ನಡೆಸಿದರು. ಅದರ ಫಲವೇ ಇಂಗ್ಲೆಂಡಿನ ರೈತಾಪಿ ಜನ ಮತ್ತು ಊರೊಟ್ಟಿನ ಹೊಲಗಳಿಗೆ ಬೇಲಿ ಬಿದ್ದ ಕಥೆಯನ್ನು ಕುರಿತು 1907ರಲ್ಲಿ ಪ್ರಕಟವಾದ ಗ್ರಂಥ.

ಈ ಗ್ರಂಥದ ಬಗೆಗೆ ಎರಡು ಮಾತು ಅವಶ್ಯ. ಇಂಗ್ಲೆಂಡಿನ ಬಹುಭಾಗದಲ್ಲಿ ಹಿಂದೆ ಹಳ್ಳಿಯ ಹೊಲಗಳು ಉದ್ದುದ್ದನೆಯ ಪಟ್ಟಿಗಳಾಗಿ ಹಂಚಿಹೋಗಿದ್ದವು. ಒಬ್ಬನ ಪಟ್ಟಿ ಇಲ್ಲೊಂದು, ಅಲ್ಲೊಂದು, ನಡುವೆ ಬೇಲಿಯಿಲ್ಲ, ಕೊಯ್ಲಾದ ಮೇಲೆ ಎಲ್ಲರ ದನವೂ ಮೇಯಬಹುದು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಶಾಸನಗಳ ಮೂಲಕ ಇವಕ್ಕೆ ಬೇಲಿ ಬಿತ್ತು. ದೊಡ್ಡ ಹಿಡುವಳಿದಾರರು ಬೆಳೆದರು, ಸಣ್ಣವರು ಕೂಲಿಗಳಾದರು. ಸ್ಲೇಟರ್ ಅವರು ಈ ಇತಿಹಾಸವನ್ನು ಶಾಸನಗಳ ಪುಟಗಳಲ್ಲಿ ಮಾತ್ರ ಹುಡುಕಲಿಲ್ಲ. ಹಳೆಯ ಪದ್ಧತಿ ಇನ್ನೂ ಉಳಿದಿದ್ದ ಲ್ಯಾಕ್ಸ್ಟನ್, ಆಕ್ಸ್‌ಹೋಮ್ ಮೊದಲಾದ ಕಡೆಗಳ ವಿವರಗಳನ್ನೂ ಗ್ರಂಥಕ್ಕೆ ಸೇರಿಸಿದರು. ಹಳ್ಳಿಯ ಬಡತನಕ್ಕೆ ಬೇರು ನೆಲದ ಹಂಚಿಕೆಯಲ್ಲಿದೆ, ಅದನ್ನು ಕಾಣಬೇಕಾದರೆ ಹೊಲದ ಬದುವಿನ ಮೇಲೆಯೇ ನಿಲ್ಲಬೇಕು ಎಂಬ ತಿಳಿವು ಅವರಿಗೆ ಭಾರತಕ್ಕೆ ಬರುವ ಮೊದಲೇ ಬಂದಿತ್ತು. ಭಾರತದ ಹಳ್ಳಿ ಅವರಿಗೆ ವಿಚಿತ್ರವಾಗಿ ತೋರದೆ ಹಿಂದೆ ನೋಡಿದ್ದರ ನೆನಪನ್ನು ತಂದಿರಬೇಕೆಂದು ನನ್ನ ಊಹೆ.

1909ರಲ್ಲಿ ಅವರು ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನ ಪ್ರಾಂಶುಪಾಲರಾದರು. ದುಡಿಯುವ ವರ್ಗದವರಿಗಾಗಿಯೇ 1899ರಲ್ಲಿ ತೆರೆದ ಕಾಲೇಜು ಅದು. ಅವರು ಅಲ್ಲಿಗೆ ಬಂದದ್ದು ಒಳ್ಳೆಯ ಗಳಿಗೆಯಲ್ಲಲ್ಲ. ಹಿಂದಿನ ಪ್ರಾಂಶುಪಾಲ ಡೆನಿಸ್ ಹರ್ಡ್ ಅವರನ್ನು ಆಡಳಿತ ಮಂಡಳಿ ತೆಗೆದುಹಾಕಿತ್ತು, ವಿದ್ಯಾರ್ಥಿಗಳು ತರಗತಿಗಳನ್ನು ಬಹಿಷ್ಕರಿಸಿದ್ದರು. ಕಾರ್ಮಿಕರಿಗೆ ಕಲಿಸುವ ಅರ್ಥಶಾಸ್ತ್ರ ಯಾರ ಪರವಾಗಿರಬೇಕು ಎಂಬುದೇ ಜಗಳದ ತಿರುಳು. ಸಿಟ್ಟಾದವರು ಹೊರಗೆ ಹೋಗಿ ಬೇರೆ ಕಾಲೇಜನ್ನೇ ಕಟ್ಟಿಕೊಂಡರು. ಉಳಿದ ಸಂಸ್ಥೆಯನ್ನು ಆರು ವರ್ಷ ನಡೆಸುವ ಹೊಣೆ ಸ್ಲೇಟರ್ ಅವರ ಪಾಲಿಗೆ ಬಂತು. ಅವರು ಸಮಾಜವಾದದ ಕಡೆಗೆ ಒಲವುಳ್ಳವರು. ಆದರೂ ಹೊರನಡೆದವರ ಕಣ್ಣಿಗೆ ಆಡಳಿತದ ಕಡೆಯವರು. ಈ ಇಕ್ಕಟ್ಟು ಅವರನ್ನು ಮದರಾಸಿನಲ್ಲಿಯೂ ಬಿಡಲಿಲ್ಲ.

1857ರಲ್ಲಿ ಹುಟ್ಟಿದ ಮದರಾಸು ವಿಶ್ವವಿದ್ಯಾನಿಲಯ ಅರ್ಧ ಶತಮಾನ ಕಾಲ ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು. 1904ರ ಶಾಸನ ಬೋಧನೆಗೂ ಸಂಶೋಧನೆಗೂ ಅವಕಾಶ ಮಾಡಿಕೊಟ್ಟ ಮೇಲೆ ಕೆಲವು ಪ್ರಾಧ್ಯಾಪಕ ಪೀಠಗಳು ಸ್ಥಾಪಿತವಾದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ ಅವರು 1914ರಲ್ಲಿ ಭಾರತೀಯ ಇತಿಹಾಸ ಮತ್ತು ಪುರಾತತ್ತ್ವದ ಪೀಠಕ್ಕೆ ಬಂದರು. ಮರುವರ್ಷ, ಯುದ್ಧದ ನಡುವೆ, ಐವತ್ತು ದಾಟಿದ ಸ್ಲೇಟರ್ ಅವರು ಅರ್ಥಶಾಸ್ತ್ರದ ಪೀಠಕ್ಕೆ ಬಂದರು.

ಆಗ ನಮ್ಮ ಕಾಲೇಜುಗಳಲ್ಲಿ ಅರ್ಥಶಾಸ್ತ್ರವೆಂದರೆ ಇಂಗ್ಲೆಂಡಿನ ಅರ್ಥಶಾಸ್ತ್ರ. ಲ್ಯಾಂಕಷೈರಿನ ಗಿರಣಿಯ ಲೆಕ್ಕ ಬಾಯಿಪಾಠವಾಗಿದ್ದ ಹುಡುಗನಿಗೆ ತನ್ನ ತಂದೆಯ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸಿಗೆ ದಿನಕ್ಕೆ ಎಷ್ಟು ಅಳತೆ ಬತ್ತ ಸಿಗುತ್ತದೆಂಬುದು ಪರೀಕ್ಷೆಯಲ್ಲಿ ಬರೆಯಬಹುದಾದ ಸಂಗತಿಯೆಂದು ತೋರುತ್ತಿರಲಿಲ್ಲ. ಸ್ಲೇಟರ್ ಅವರು ಇದನ್ನು ತಿರುಗಿಸಿದರು. ಹೊಸ ಪ್ರಾಧ್ಯಾಪಕರಿಗೆ ಇಲ್ಲಿಯ ಯಾವ ನುಡಿಯೂ ಬಾರದು, ಆದರೆ ವಿದ್ಯಾರ್ಥಿಗಳಲ್ಲಿ ಅನೇಕರು ಹಳ್ಳಿಗಳಿಂದ ಬಂದವರು. ಅವರ ಕೊರತೆಯನ್ನು ಇವರ ಅನುಕೂಲ ತುಂಬಿತು. ಊರಿನ ಜನಸಂಖ್ಯೆ, ಜಾತಿಗಳು, ಹಿಡುವಳಿಗಳ ಗಾತ್ರ, ಬೆಳೆ, ನೀರು, ಗೇಣಿ, ಕೂಲಿ, ಸಾಲ, ಊಟ, ಬಟ್ಟೆ, ಹೊರಗೆ ದುಡಿಯಲು ಹೋದವರು—ಹೀಗೆ ವಿವರವಾದ ಪ್ರಶ್ನೆಗಳ ಪಟ್ಟಿ ಸಿದ್ಧವಾಯಿತು. ವಿದ್ಯಾರ್ಥಿ ತಾನು ಬಲ್ಲ ಹಳ್ಳಿಯಲ್ಲಿ ಕುಳಿತು ಅದಕ್ಕೆ ಉತ್ತರ ತರಬೇಕು.

ಬಂದ ವರದಿಗಳನ್ನು ತಿದ್ದಿ, ಜೋಡಿಸಿ, ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಮಾಲೆಯ ಮೊದಲ ಸಂಪುಟವಾಗಿ ಅವರು 1918ರಲ್ಲಿ ಹೊರತಂದರು. 'ಸಮ್ ಸೌತ್ ಇಂಡಿಯನ್ ವಿಲೇಜಸ್' ಎಂಬ ಈ ಪುಸ್ತಕದ ಮೇಲೆ ಸ್ಲೇಟರ್ ಅವರ ಹೆಸರು ಸಂಪಾದಕರಾಗಿ ಮಾತ್ರ ಇದೆ. ಆಗಿನ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ; ಶಿಷ್ಯರ ಬೆವರನ್ನು ತಮ್ಮ ಹೆಸರಿನ ಗ್ರಂಥವಾಗಿಸಿಕೊಳ್ಳುವುದು ಎಲ್ಲ ಕಾಲದಲ್ಲಿಯೂ ಸುಲಭ. ಹೆಚ್ಚು ಕಡಿಮೆ ಇದೇ ಹೊತ್ತಿನಲ್ಲಿ, 1917ರಲ್ಲಿ, ಪುಣೆಯಲ್ಲಿ ಹೆರಾಲ್ಡ್ ಮ್ಯಾನ್ ಅವರು ದಖ್ಖನಿನ ಒಂದು ಹಳ್ಳಿಯ ಅಧ್ಯಯನವನ್ನು ಪ್ರಕಟಿಸಿದ್ದರು. ಈ ಎರಡರಿಂದ ಭಾರತದ ಗ್ರಾಮ ಸಮೀಕ್ಷೆಯ ಪರಂಪರೆ ಹೊರಟಿತೆಂದರೆ ತಪ್ಪಾಗದು.

ಮದರಾಸಿನ ಸಂಪುಟದಲ್ಲಿ ಬಂದ ಹಳ್ಳಿಗಳ ಪೈಕಿ ಐದು ತಮಿಳು ಹಳ್ಳಿಗಳು ಮುಂದೆ ಪ್ರಸಿದ್ಧವಾದವು: ರಾಮನಾಡಿನ ವಡಮಲೈಪುರಂ, ತಿರುನೆಲ್ವೇಲಿಯ ಗಂಗೈಕೊಂಡಾನ್, ತಂಜಾವೂರಿನ ಪಾಲಕ್ಕುರಿಚ್ಚಿ, ದಕ್ಷಿಣ ಆರ್ಕಾಡಿನ ಇರುವೇಲ್‌ಪಟ್ಟು, ಕಾಂಚೀಪುರಕ್ಕೆ ಹತ್ತಿರದ, ಆಗ ಉತ್ತರ ಆರ್ಕಾಡಿಗೆ ಸೇರಿದ್ದ ದೂಸಿ. ಇವುಗಳಲ್ಲಿ ಇರುವೇಲ್‌ಪಟ್ಟಿನ ವರದಿಯಲ್ಲಿ ಬರುವ ಒಂದು ವಿವರವನ್ನು ಇಲ್ಲಿ ನಿಂತು ನೋಡಬೇಕು.

ಆ ಊರಿನಲ್ಲಿ ರೆಡ್ಡಿಯಾರ್ ಭೂಮಾಲೀಕರ ಹೊಲಗಳಲ್ಲಿ ದುಡಿಯುತ್ತಿದ್ದವರಲ್ಲಿ ಒಂದು ವರ್ಗದವರನ್ನು ಪಡಿಯಾಳು ಎನ್ನುತ್ತಿದ್ದರು. ಪಡಿಯಾಳು ಸಾಮಾನ್ಯವಾಗಿ ಮದುವೆಗೆಂದು ಒಡೆಯನಿಂದ ಸಾಲ ಪಡೆದವನು. ಆ ಸಾಲ ತೀರುವುದೇ ಇಲ್ಲ. ತಂದೆಯ ಸಾಲ ಮಗನಿಗೆ, ಮಗನದು ಮೊಮ್ಮಗನಿಗೆ ಇಳಿಯುತ್ತದೆ. ಒಡೆಯ ಸತ್ತರೆ ಅಥವಾ ಹೊಲ ಮಾರಿದರೆ ನೆಲದೊಡನೆ ಆಳೂ ಹೊಸ ಒಡೆಯನಿಗೆ ಸಲ್ಲುತ್ತಾನೆ. ಗುಲಾಮಗಿರಿಯನ್ನು ಕಾನೂನು ನಿಷೇಧಿಸಿ ಎಷ್ಟೋ ವರ್ಷ ಕಳೆದಿದ್ದ ಕಾಲದ ವರದಿಯಿದು. ಪಡಿ ಮತ್ತು ಆಳು ಎಂಬ ಎರಡು ಮಾತುಗಳೂ ಕನ್ನಡದವೇ ಎಂಬುದನ್ನು ನಮ್ಮ ವಿಭಾಗದ ಓದುಗರಿಗೆ ಹೇಳಬೇಕಾಗಿಲ್ಲ. ಪಡಿ ಎಂದರೆ ಅಳೆದು ಕೊಡುವ ಧಾನ್ಯ; ಸರ್ಕಾರದ ನ್ಯಾಯಬೆಲೆ ಅಂಗಡಿಯ ಪಡಿತರದಲ್ಲಿ ಆ ಮಾತು ಇಂದಿಗೂ ಇದೆ. ಧಾನ್ಯಕ್ಕಾಗಿ ದುಡಿಯುವವನು ಪಡಿಯಾಳು; ನಮ್ಮ ಕಡೆಯ ಜೀತದಾಳಿನ ನೆರೆಯವನು. ಅದೇ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಶಿವರಾಮ ಕಾರಂತರ ಚೋಮ ಸ್ವಂತ ಬೇಸಾಯದ ಆಸೆ ಹೊತ್ತು, ಧಣಿಯ ಸಾಲದ ಬಲೆಯಲ್ಲಿ ಸಿಕ್ಕದ್ದನ್ನು ನಾವು 1933ರ ಕಾದಂಬರಿಯಲ್ಲಿ ಓದಿದೆವು. ಅದಕ್ಕೆ ಹದಿನೈದು ವರ್ಷ ಹಿಂದೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಅಂಥದೇ ಬದುಕನ್ನು ಕೂಲಿಯ ಪಟ್ಟಿಯಲ್ಲಿ ಬರೆದಿಟ್ಟಿದ್ದರು. ಸಾಹಿತ್ಯ ಮತ್ತು ಸಮಾಜವಿಜ್ಞಾನ ಪರಸ್ಪರ ಮುಖ ನೋಡದೆಯೇ ಒಂದೇ ಬಾಗಿಲಿಗೆ ಬಂದ ಸಂದರ್ಭವಿದು.

ಈ ಪದ್ಧತಿಗೆ ಒಂದು ಮಿತಿಯೂ ಇತ್ತು. 1916ರಲ್ಲಿ ಕಾಲೇಜಿಗೆ ಬಂದ ಹಳ್ಳಿಯ ಹುಡುಗ ಬಹುಮಟ್ಟಿಗೆ ಭೂಮಿಯುಳ್ಳ ಮನೆಯವನು. ಅವನು ತನ್ನ ಊರಿನ ಆಳುಗಳನ್ನು ಪ್ರಶ್ನೆ ಕೇಳುವಾಗ, ಉತ್ತರಿಸುವವನು ಧಣಿಯ ಮನೆಯ ಮಗನಿಗೆ ಉತ್ತರಿಸುತ್ತಿದ್ದ. ಅಂಥ ಉತ್ತರದಲ್ಲಿ ಎಷ್ಟು ಹೊರಬರುತ್ತದೆ, ಎಷ್ಟು ಒಳಗೆ ಉಳಿಯುತ್ತದೆ? ಹೀಗಿದ್ದೂ ಪಡಿಯಾಳಿನ ವಿವರ ಹೊರಬಂದಿದೆ ಎಂಬುದು ಪ್ರಶ್ನಾವಳಿಯ ಹೆಗ್ಗಳಿಕೆ. ಮೇಲ್ಮಾತಿಗೆ ತೃಪ್ತವಾಗದೆ ಸಾಲ ಎಷ್ಟು, ಯಾರಿಂದ, ಹೇಗೆ ತೀರುತ್ತದೆ ಎಂದು ಅದು ಕೇಳುತ್ತಿತ್ತು. ಇನ್ನೊಂದು ಮಿತಿ ನುಡಿಯದು. ಪ್ರಶ್ನೆಗಳು ಹಳ್ಳಿಗರನ್ನು ತಲುಪಿದ್ದು ಅವರ ನುಡಿಯಲ್ಲಿಯೇ ಇರಬೇಕು, ಪುಸ್ತಕ ಬಂದದ್ದು ಇಂಗ್ಲಿಷಿನಲ್ಲಿ.

ಪುಸ್ತಕ ಹೊರಬಂದ 1918 ಮದರಾಸಿಗೆ ಸಂಕಟದ ವರ್ಷ. ಯುದ್ಧದಿಂದ ಬೆಲೆಗಳು ಏರಿದ್ದವು, ಮಳೆ ಕೈಕೊಟ್ಟಿತ್ತು. ಸೆಪ್ಟೆಂಬರಿನಲ್ಲಿ ನಗರದ ಅಕ್ಕಿಯ ಅಂಗಡಿಗಳು ಲೂಟಿಯಾದವು, ಲೂಟಿ ಪ್ರಾಂತ್ಯದ ಬೇರೆ ಊರುಗಳಿಗೂ ಹಬ್ಬಿತು. ಹಿಂದೆಯೇ ಇನ್‌ಫ್ಲುಯೆಂಜ ಬಂತು. ಅದೇ ಏಪ್ರಿಲಿನಲ್ಲಿ ಬಿ. ಪಿ. ವಾಡಿಯಾ ಮತ್ತು ತಿರು. ವಿ. ಕಲ್ಯಾಣಸುಂದರ ಮುದಲಿಯಾರ್ ಮೊದಲಾದವರು ಪೆರಂಬೂರಿನ ಗಿರಣಿ ಕೆಲಸಗಾರರಿಗಾಗಿ ಮದರಾಸು ಕಾರ್ಮಿಕ ಸಂಘವನ್ನು ಕಟ್ಟಿದ್ದರು. 1921ರಲ್ಲಿ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ದೀರ್ಘ ಮುಷ್ಕರವಾಯಿತು. ಮುಷ್ಕರಕ್ಕೆ ಸೇರದ ಆದಿದ್ರಾವಿಡ ಕೆಲಸಗಾರರಿಗೂ ಉಳಿದವರಿಗೂ ನಡುವೆ ಪುಳಿಯಂತೋಪಿನಲ್ಲಿ ಗುಡಿಸಲುಗಳಿಗೆ ಬೆಂಕಿ ಬೀಳುವ ಮಟ್ಟಿಗೆ ಜಗಳ ಬೆಳೆಯಿತು. ಬಡವರು ಬಡವರೊಡನೆ ಜಾತಿಯ ಗೆರೆಯ ಮೇಲೆ ಹೊಡೆದಾಡಿದ ಈ ಘಟನೆ ಆ ನಗರದ ರಾಜಕಾರಣದಲ್ಲಿ ಬಹುಕಾಲ ಗಾಯವಾಗಿ ಉಳಿಯಿತು.

ಇದೇ ವೇಳೆಗೆ ಸ್ಲೇಟರ್ ಅವರ ಪ್ರಾಧ್ಯಾಪಕತ್ವ ಮುಗಿದಿತ್ತು. ಅನಂತರ ಅವರು ಒಪ್ಪಿಕೊಂಡದ್ದು ಮದರಾಸು ಸರ್ಕಾರದ ಪ್ರಚಾರಾಧಿಕಾರಿಯ ಹುದ್ದೆಯನ್ನು. ಅದು ಅಸಹಕಾರ ಚಳವಳಿಯ ಕಾಲ. ಆಳುವವರ ಪರವಾಗಿ ಜನರೊಡನೆ ಮಾತನಾಡುವ ಕೆಲಸ. ಕೆಲಕಾಲ ಪ್ರಾಂತೀಯ ಶಾಸನಸಭೆಯಲ್ಲಿಯೂ ಕುಳಿತರು. ಪಡಿಯಾಳಿನ ಸಾಲವನ್ನು ಬೆಳಕಿಗೆ ತಂದ ಕೈಯೇ ಸರ್ಕಾರದ ಪ್ರಚಾರ ಪತ್ರಗಳನ್ನು ಬರೆಯಿತೆಂಬುದನ್ನು ಅವರ ಅಭಿಮಾನಿಗಳು ಮುಚ್ಚಿಡಬಾರದು. ಬ್ರಿಟಿಷ್ ಆಳ್ವಿಕೆಯನ್ನು ಒಳಗಿನಿಂದ ಸುಧಾರಿಸಬಹುದೆಂದು ನಂಬಿದ ಆ ಪೀಳಿಗೆಯ ಸಮಾಜವಾದಿಗಳಿಗೆ ಇದರಲ್ಲಿ ವಿರೋಧ ತೋರುತ್ತಿರಲಿಲ್ಲ. ನಮಗೆ ತೋರುತ್ತದೆ.

ಇಂಗ್ಲೆಂಡಿಗೆ ಮರಳಿದ ಮೇಲೆ 1924ರಲ್ಲಿ ಭಾರತೀಯ ಸಂಸ್ಕೃತಿಯಲ್ಲಿ ದ್ರಾವಿಡ ಅಂಶವನ್ನು ಕುರಿತ ಅವರ ಪುಸ್ತಕ ಬಂತು. ಭಾರತೀಯ ಸಂಸ್ಕೃತಿಯ ತಳಹದಿ ಬಹುಮಟ್ಟಿಗೆ ದ್ರಾವಿಡವೆಂಬುದು ಅದರ ಪ್ರತಿಪಾದನೆ. ಸಿಂಧೂ ಕಣಿವೆಯ ನಾಗರಿಕತೆಯ ಸುದ್ದಿ ಜಗತ್ತಿಗೆ ತಿಳಿದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಆದ್ದರಿಂದ ಪುಸ್ತಕದ ಧೈರ್ಯವನ್ನು ಮೆಚ್ಚಬೇಕು. ಆದರೆ ಸಂಸ್ಕೃತಿಗಳು ಈಜಿಪ್ಟಿನಿಂದ ಕಡಲ ದಾರಿಯಲ್ಲಿ ಹರಡಿದವೆಂಬ ಆ ಕಾಲದ ವಾದವನ್ನು ಅವರು ಅತಿಯಾಗಿ ನಂಬಿದರು. ಆಧಾರ ತೆಳುವಾದಲ್ಲಿ ಊಹೆ ದಪ್ಪವಾಯಿತು. ಈ ಗುಣ ಅವರಲ್ಲಿ ಆಕಸ್ಮಿಕವಲ್ಲ. 1931ರಲ್ಲಿ ಅವರೇ ಷೇಕ್ಸ್‌ಪಿಯರನ ನಾಟಕಗಳನ್ನು ಏಳು ಮಂದಿ ಸೇರಿ ಬರೆದರೆಂದು ವಾದಿಸುವ ಪುಸ್ತಕವೊಂದನ್ನು ಬರೆದರು! ಹೊಲದ ಬದುವಿನ ಮೇಲೆ ನಿಂತಾಗ ಅಷ್ಟು ನಿಷ್ಠುರವಾಗಿದ್ದ ಬುದ್ಧಿ, ನೆಲ ಕಾಣದ ಎತ್ತರದಲ್ಲಿ ಹೀಗೆ ಹಾರುತ್ತಿತ್ತು. ನಡುವೆ 1930ರಲ್ಲಿ ಬಡತನ ಮತ್ತು ರಾಜ್ಯವನ್ನು ಕುರಿತ ಗ್ರಂಥ, 1936ರಲ್ಲಿ ದಕ್ಷಿಣ ಭಾರತದ ರಾಜಕೀಯ ಮತ್ತು ಆರ್ಥಿಕ ಸಮಸ್ಯೆಗಳನ್ನು ಕುರಿತ ಗ್ರಂಥ ಬಂದವು. 1938ರ ಮಾರ್ಚಿನಲ್ಲಿ ಸ್ಲೇಟರ್ ಅವರು ತೀರಿಕೊಂಡರು.

ಅವರು ಬದುಕಿದ್ದಾಗಲೇ ಮದರಾಸಿನಲ್ಲಿ ಅವರ ಕೆಲಸಕ್ಕೆ ಎರಡನೆಯ ಜೀವ ಬಂದಿತ್ತು. ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ಮಾಡಿ ಬಂದ ಪಿ. ಜೆ. ಥಾಮಸ್ ಅವರು 1927ರಲ್ಲಿ ಅದೇ ಪೀಠದಲ್ಲಿ ಕುಳಿತಿದ್ದರು. ಅವರೂ ಕೆ. ಸಿ. ರಾಮಕೃಷ್ಣನ್ ಅವರೂ ಸೇರಿ 1936-37ರಲ್ಲಿ ಹಳೆಯ ಹಳ್ಳಿಗಳನ್ನೇ ಪುನಃ ಸಮೀಕ್ಷೆ ಮಾಡಿಸಿದರು. ಫಲಿತಾಂಶ 1940ರಲ್ಲಿ ಪ್ರಕಟವಾಯಿತು. ಆರ್ಥಿಕ ಕುಸಿತ ರೈತನನ್ನು ಹಿಂಡಿದ್ದ ಕಾಲವದು. ಇಪ್ಪತ್ತು ವರ್ಷಗಳ ಅಂತರದಲ್ಲಿ ಒಂದೇ ಊರಿನ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಸಾಧ್ಯತೆ ನಮ್ಮ ದೇಶದಲ್ಲಿ ಅಪರೂಪವಾದದ್ದು. 1961ರಲ್ಲಿ ಆಕ್ಸ್‌ಫರ್ಡಿನ ಮಾರ್ಗರೆಟ್ ಹ್ಯಾಸ್ವೆಲ್ ಅವರು ಅವೇ ಹಳ್ಳಿಗಳಿಗೆ ಬಂದರು. ಅವರ ಪುಸ್ತಕ 1967ರದು.

ಯುನೆಸ್ಕೋದ ಉಪ ಮಹಾನಿರ್ದೇಶಕರಾಗಿದ್ದ ಮಾಲ್ಕಂ ಆದಿಶೇಷಯ್ಯ ಅವರು ಪ್ಯಾರಿಸಿನಿಂದ ಮರಳಿ 1971ರಲ್ಲಿ ಅಡಯಾರಿನಲ್ಲಿ ಮದರಾಸು ಅಭಿವೃದ್ಧಿ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ಈ ಪರಂಪರೆಗೆ ಸ್ಥಿರವಾದ ಮನೆ ದೊರೆಯಿತು. 1980ರ ದಶಕದ ಆರಂಭದಲ್ಲಿ ಆ ಸಂಸ್ಥೆಯ ಎಸ್. ಗುಹನ್, ವೆಂಕಟೇಶ್ ಆತ್ರೇಯ, ಕೆ. ಭರತನ್ ಮುಂತಾದವರು ಐದೂ ಹಳ್ಳಿಗಳಿಗೆ ಮತ್ತೆ ಹೋದರು. ಇರುವೇಲ್‌ಪಟ್ಟಿನಲ್ಲಿ ಗುಹನ್ ಅವರ ಜೊತೆಗಿದ್ದವರು ಅಮೆರಿಕದ ಮಾನವಶಾಸ್ತ್ರಜ್ಞೆ ಜೋನ್ ಮೆಂಚರ್. ಹೀಗೆ ಹೊರದೇಶದ ವಿದ್ವಾಂಸರು ಬಂದರು, ಹೋದರು. ಹಳ್ಳಿಯ ಪಟ್ಟಿ ಮಾತ್ರ ಮದರಾಸಿನಲ್ಲೇ ಉಳಿಯಿತು. ದೇಶಾಂತರ ಸಹಯೋಗವೆಂದರೆ ದತ್ತಾಂಶ ಇಲ್ಲಿಂದ ಹೊರಟು ಸಿದ್ಧಾಂತ ಅಲ್ಲಿಂದ ಬರುವ ವ್ಯಾಪಾರವೆಂದು ನಮ್ಮಲ್ಲಿ ಆಕ್ಷೇಪವಿದೆ, ಅದು ನಿರಾಧಾರವೂ ಅಲ್ಲ. ಸ್ಲೇಟರ್ ಹಳ್ಳಿಗಳಲ್ಲಿ ಹಾಗಾಗದಿರಲು ಕಾರಣ, ಮೊದಲ ಸಲವೇ ಕೇಳಿದವರು, ಬರೆದವರು ಇಲ್ಲಿಯವರಾಗಿದ್ದದ್ದು.

ಇದೇ ಸಂದರ್ಭದಲ್ಲಿ ಇನ್ನೊಂದು ಸಹಯೋಗವನ್ನೂ ನೆನೆಯಬೇಕು. 1970ರ ದಶಕದಲ್ಲಿ ಕೇಂಬ್ರಿಡ್ಜಿನ ಬಿ. ಎಚ್. ಫಾರ್ಮರ್ ಅವರ ನೇತೃತ್ವದಲ್ಲಿ ಹಸಿರು ಕ್ರಾಂತಿಯ ಪರಿಣಾಮವನ್ನು ಕುರಿತು ಉತ್ತರ ಆರ್ಕಾಡಿನಲ್ಲಿಯೂ ಶ್ರೀಲಂಕಾದಲ್ಲಿಯೂ ಅಧ್ಯಯನ ನಡೆಯಿತು. 1977ರಲ್ಲಿ ಬಂದ ಅದರ ಸಂಪುಟದಲ್ಲಿ, ಹೊಸ ಬತ್ತದ ತಳಿಗಳನ್ನು ಯಾರು ಬೆಳೆದರು, ಯಾರು ಬೆಳೆಯಲಿಲ್ಲ ಎಂಬ ಅಧ್ಯಾಯವನ್ನು ಬರೆದವರು ಸಂಖ್ಯಾಶಾಸ್ತ್ರಜ್ಞೆ ಬೊವ್ವೇರಿಯಂಡ ನಂಜಮ್ಮ ಚಿಣ್ಣಪ್ಪ. ಕೊಡವರ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ 1924ರಲ್ಲಿ ಕನ್ನಡ ಲಿಪಿಯಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸಿದ ನಡಿಕೇರಿಯಂಡ ಚಿಣ್ಣಪ್ಪನವರ ಮೊಮ್ಮಗಳು ಅವರು. ಮುಂದೆ ಪತಿಯೊಡನೆ ಆ ಗ್ರಂಥವನ್ನು ಇಂಗ್ಲಿಷಿಗೆ ತಂದವರೂ ಅವರೇ. ಊರೂರು ತಿರುಗಿ ಹಾಡು ಬರೆದುಕೊಂಡ ಅಜ್ಜ, ಊರೂರಿನ ಬತ್ತದ ಲೆಕ್ಕ ಬರೆದ ಮೊಮ್ಮಗಳು.

ಈ ಮರುಭೇಟಿಗಳು ಕಂಡದ್ದೇನು? ಇರುವೇಲ್‌ಪಟ್ಟಿಗೆ 2008ರಲ್ಲಿ ಹೋದ ಜಾನ್ ಹ್ಯಾರಿಸ್, ಜೆ. ಜಯರಂಜನ್, ಕೆ. ನಾಗರಾಜ್ ಅವರು ಬರೆದಂತೆ, ಅಲ್ಲಿ ಪಡಿಯಾಳು ಪದ್ಧತಿ ಅಳಿದಿತ್ತು. ಭೂಮಾಲೀಕರ ಹಿಡಿತ ಸಡಿಲಗೊಂಡಿತ್ತು. ಬೇಸಾಯದ ಹೊರಗೆ ದುಡಿಯುವವರು ಹೆಚ್ಚಿದ್ದರು. ಹಿಡಿತ ಸಡಿಲಾಗುವುದಕ್ಕೆ ತೊಂಬತ್ತು ವರ್ಷಗಳು ಬೇಕಾದವು. ಎಲ್ಲ ಕಡೆಯೂ ಅದು ಸದ್ದಿಲ್ಲದೆ ಆಗಲಿಲ್ಲ. ಪಾಲಕ್ಕುರಿಚ್ಚಿ ಇರುವ ಕಾವೇರಿಯ ಕೆಳಮುಖಜ ಭೂಮಿಯಲ್ಲಿಯೇ ಕೀಳ್‌ವೆಣ್ಮಣಿ ಎಂಬ ಊರೂ ಇದೆ. ಕೂಲಿ ಹೆಚ್ಚಿಸಿರೆಂದು ಕೇಳಿದ ಆಳುಗಳ ಮೇಲೆ 1968ರ ಡಿಸೆಂಬರ್ 25ರ ರಾತ್ರಿ ಭೂಮಾಲೀಕರ ಕಡೆಯವರು ಬಂದಾಗ, ಒಂದು ಗುಡಿಸಲಿನೊಳಗೆ ಅಡಗಿದ್ದ ನಲವತ್ತನಾಲ್ಕು ಮಂದಿ ದಲಿತರು ಸುಟ್ಟು ಸತ್ತರು. ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಸ್ಲೇಟರ್ ಅವರ ವಿದ್ಯಾರ್ಥಿಗಳು ಕೂಲಿಯ ಅಂಕಣದಲ್ಲಿ ಬರೆದ ಅಳತೆಗಳು ಎಂಥ ಕೆಂಡವನ್ನು ಮುಚ್ಚಿಕೊಂಡಿದ್ದವೆಂಬುದು ಆ ರಾತ್ರಿ ಕಾಣಿಸಿತು.

ಪಾಲಕ್ಕುರಿಚ್ಚಿಯನ್ನೂ ವೆಣ್ಮಣಿಯನ್ನೂ ಜೊತೆಯಾಗಿಟ್ಟು ಮಧುರಾ ಸ್ವಾಮಿನಾಥನ್, ವಿ. ಸುರ್ಜಿತ್, ವಿ. ಕೆ. ರಾಮಚಂದ್ರನ್ ಅವರು ಸಂಪಾದಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದು ಹೋಲಿಕೆಗೆ ಹಿಂದಿರುಗುವ ಮೊದಲ ದಾಖಲೆ 1918ರ ಆ ಸಂಪುಟವೇ.